ಪರಿಸರ, ಸಮಾಜದ ಕಾಳಜಿ ಇರುವ ಕಂಪನಿಗಳಿಗೆ ಲಾಭ ಜಾಸ್ತಿ ಬರುತ್ತದೆಯೇ?

ಬಹಳಷ್ಟು ಸಲ ಹೌದು. 2015ರಲ್ಲಿ ಸುಮಾರು 2,200 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಶೇ 90ರಷ್ಟರಲ್ಲಿ ಲಾಭಕ್ಕೆ ಹೊಡೆತ ಬಿದ್ದಿದ್ದು ಕಾಣಲಿಲ್ಲ. ಆದರೆ ಕೈಯಲ್ಲಿ ದುಡ್ಡಿರುವ ಕಂಪನಿಗೇ ಇಂಥ ಕೆಲಸ ಸುಲಭ, ಅಲ್ವಾ? ಹಾಗಾಗಿ ಯಾವುದರಿಂದ ಯಾವುದು ಬಂತು ಅಂತ ಹೇಳುವುದು ಕಷ್ಟ.

ನನಗೆ ಮುಖ್ಯ ಅನ್ನಿಸುವುದು ಕಾರ್ಖಾನೆಯೊಳಗಿನ ಲೆಕ್ಕ. 3ಎಂ ಕಂಪನಿ 1975ರಲ್ಲೇ ಕೊಳೆಯನ್ನು ಆಮೇಲೆ ತೊಳೆಯುವ ಬದಲು ತಯಾರಿಕೆಯಲ್ಲೇ ತಡೆಯುವ ಯೋಜನೆ ಶುರುಮಾಡಿತು. ಚರಂಡಿಗೆ ಹೋಗುವ ರಾಸಾಯನಿಕವನ್ನೂ ದುಡ್ಡು ಕೊಟ್ಟೇ ಕೊಂಡಿರುತ್ತಾರೆ. ಅದು ಉಳಿದರೆ ಖರೀದಿಯ ಖರ್ಚೂ ಇಳಿಯುತ್ತದೆ, ವಿಲೇವಾರಿಯ ಖರ್ಚೂ ಇಳಿಯುತ್ತದೆ.

ಇದಕ್ಕೆ ಉಲ್ಟಾ ಜರ್ಮನಿಯ ಕಾರು ಕಂಪನಿ ಫೋಕ್ಸ್‌ವ್ಯಾಗನ್. 2015ರಲ್ಲಿ ಬಯಲಾದ ಹೊಗೆ ಪರೀಕ್ಷೆಯ ಮೋಸಕ್ಕೆ 3,000 ಕೋಟಿ ಯೂರೋಗಿಂತ ಜಾಸ್ತಿ ತೆತ್ತಿತು. ಪರಿಸರ ಕಾಳಜಿಯ ಬಗ್ಗೆ ಸುಮ್ನೆ ಚೆಂದದ ವರದಿ ಅಚ್ಚು ಹಾಕಿಸಿದರೆ ಇಂಥ ನಷ್ಟ ತಪ್ಪುವುದಿಲ್ಲ.