ಟ್ಯೂಷನ್ ಆಮೇಲೆ, ಮೊದಲು ಶಾಲೆಗೆ ಹೋಗಿ ಮಾತಾಡಿ

(ವಿಜಯನಗರದ ತಾಯಿಯೊಬ್ಬರ ಪತ್ರ: ನಾಲ್ಕನೇ ಕ್ಲಾಸಿನ ಮಗ ಬಾಯಲ್ಲಿ ಕೇಳಿದರೆ ಎಲ್ಲಾ ಪಟಪಟ ಹೇಳುತ್ತಾನೆ. ಬರೆಯಲು ಕೂತರೆ ಒತ್ತಕ್ಷರ ಬಿಡುತ್ತಾನೆ, ಬೋರ್ಡ್ ನೋಡಿ ಬರೆಯುವುದು ಮುಗಿಯುವುದೇ ಇಲ್ಲ. 'ಸೋಮಾರಿ, ಟ್ಯೂಷನ್‌ಗೆ ಹಾಕಿ, ಇಲ್ಲಾಂದ್ರೆ ಬೇರೆ ಶಾಲೆ ನೋಡಿಕೊಳ್ಳಿ' ಅಂತ ಶಾಲೆಯವರು ಅಂದರಂತೆ. ಪಕ್ಕದ ಮನೆ ಹುಡುಗನ ಥರ ಇವನು ಯಾಕಿಲ್ಲ ಅಂತಲೂ ಆ ತಾಯಿ ಕೇಳಿದ್ದಾರೆ.)

ನಮಸ್ಕಾರ ಮೇಡಂ. ಟ್ಯೂಷನ್‌ಗೆ ಈಗಲೇ ಹಾಕಬೇಡಿ. ದಿನವಿಡೀ ಬರೆದು ಸುಸ್ತಾದ ಮಗುವಿಗೆ ಸಂಜೆ ಮತ್ತೆ ಅದನ್ನೇ ಬರೆಸಿದರೆ ಪುಸ್ತಕ ಕಂಡರೇ ಆಗದ ಹಾಗಾಗುತ್ತೆ, ಅಷ್ಟೇ. ಪಕ್ಕದ ಮನೆ ಹುಡುಗನನ್ನು ದಯವಿಟ್ಟು ಅವನ ಪಾಡಿಗೆ ಬಿಟ್ಟುಬಿಡಿ.

'ಬೇರೆ ಶಾಲೆ ನೋಡಿಕೊಳ್ಳಿ' ಅನ್ನುವುದು ಶಾಲೆಯವರಿಗೆ ಅಷ್ಟು ಸುಲಭವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಹೊರಗೆ ಹಾಕುವ ಹಾಗಿಲ್ಲ. ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಟೀಚರ್ ಕೆಲಸ ಏನೇನು ಅಂತ ಇದೆ: ಒಂದೊಂದು ಮಗುವಿನ ಕಲಿಯುವ ಶಕ್ತಿ ಎಷ್ಟು ಅಂತ ನೋಡಬೇಕು, ಬೇಕಿದ್ದವರಿಗೆ ಜಾಸ್ತಿ ಹೇಳಿಕೊಡಬೇಕು. ಟ್ಯೂಷನ್ ಅಂತ ನಿಮ್ಮ ತಲೆಗೆ ಕಟ್ಟಿದ್ದು ಅಸಲಿಗೆ ಅವರ ಕೆಲಸ.

ಒಂದೊಂದು ಮಗುವನ್ನು ಹೀಗೆ ನೋಡುವುದು ಆಗದ ಮಾತು ಅನ್ನುವವರು ನಲಿಕಲಿ ಕೋಣೆಗೆ ಹೋಗಿ ನೋಡಲಿ. ಆಟ, ಚಟುವಟಿಕೆಯಿಂದ ಕಲಿಸುವ ಈ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದಿದ್ದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ, ಅಂದರೆ ಒಂದಾದ ಮೇಲೆ ಒಂದು ಏನು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟ್ ಇರುತ್ತದೆ. ಮಗು ಅಲ್ಲಿ ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ನೋಡಿಕೊಂಡು, ಆ ಮೆಟ್ಟಿಲಿನ ಚಿತ್ರವೇ ಇರುವ ಕಾರ್ಡ್ ಹುಡುಕಿ ತೆಗೆದು, ತನ್ನ 'ತಟ್ಟೆ'ಗೆ, ಅಂದರೆ ಗುಂಪಿಗೆ, ಬಂದು ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಪಕ್ಕದಲ್ಲೇ ಇರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಜಾತ್ರೆಗೆ ಅಂತ ಊರಿಗೆ ಹೋಗಿ ವಾರ ತಪ್ಪಿಸಿಕೊಂಡವನು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತಾನೆ. ಎಲ್ಲಾ ಕಡೆ ಚೆನ್ನಾಗಿ ನಡೀತಿದೆ ಅಂತ ನಾನು ಹೇಳಲ್ಲ, ಒಬ್ಬರೇ ಟೀಚರ್ ಮೂರು ಕ್ಲಾಸ್ ನೋಡುವುದು ಹುಡುಗಾಟವಲ್ಲ. ಆದರೆ ಎಲ್ಲರೂ ಇವತ್ತು ಇದೇ ಪುಟದಲ್ಲಿರಬೇಕು ಅನ್ನುವ ಹಟ ಅಲ್ಲಿಲ್ಲ. ಆ ಹಟಕ್ಕೆ ನಾವು ಬೆಂಗಳೂರಲ್ಲಿ ಸಾಲ ಮಾಡಿ ಫೀಸು ಕಟ್ಟುತ್ತೇವೆ!

ಮಗನ ಕಣ್ಣು, ಕಿವಿ ಒಮ್ಮೆ ತೋರಿಸಿ. ಆಮೇಲೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ತೊಂದರೆ, ಇದೆ ಅಂತ ನಾನು ಹೇಳುತ್ತಿಲ್ಲ, ಪತ್ರ ಓದಿ ಅದನ್ನು ಹೇಳಲು ಬರುವುದಿಲ್ಲ. ಇದ್ದರೂ ಬುದ್ಧಿ ಕಡಿಮೆ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಇಂಥ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡಲು ಒಬ್ಬರು, ಎರಡನೇ ಮೂರನೇ ಭಾಷೆಗೆ ವಿನಾಯಿತಿ, ಇವಕ್ಕೆಲ್ಲ ಅದರಲ್ಲಿ ಜಾಗ ಇದೆ. ಅಂಗವೈಕಲ್ಯದ ಸರ್ಟಿಫಿಕೇಟ್ ಅಂದರೆ ನೆಂಟರು ಏನಂತಾರೋ ಅನ್ನುವ ಅಳುಕು ಇರುತ್ತೆ. ಎಸ್ಸೆಸ್ಸೆಲ್ಸಿ ಬರೆಯುವವರು ನೆಂಟರಲ್ಲ, ಅಲ್ವಾ?

ಅಲ್ಲಿಯ ತನಕ ಕ್ಲಾಸ್ ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ, ನಲವತ್ತು ಮಕ್ಕಳ ನೋಟ್‌ಬುಕ್ ತಿದ್ದುವವರು ಅವರೇ. ಸಣ್ಣ ಸಣ್ಣದು ಕೇಳಿ: ಮುಂದಿನ ಬೆಂಚು, ಬೋರ್ಡ್ ಮೇಲಿನದಕ್ಕೆ ಜೆರಾಕ್ಸ್, ಟೆಸ್ಟ್‌ನಲ್ಲಿ ಅರ್ಧ ಪ್ರಶ್ನೆಗೆ ಬಾಯಲ್ಲಿ ಉತ್ತರ. ಆಗಲ್ಲ ಅಂದರೆ ಇದನ್ನೇ ಬರೆದು ಹೆಡ್‌ಮಾಸ್ಟರ್‌ಗೆ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ.

- ಸಂ.