ಕಾಮಸೂತ್ರ ಮೊದಲು ಪ್ರಿಂಟ್ ಆಗಿದ್ದು ಯಾವಾಗ, ಯಾರು ಮಾಡಿಸಿದ್ದು?

ತಮಾಷೆ ಏನಂದ್ರೆ ಸಂಸ್ಕೃತ ಮೂಲಕ್ಕಿಂತ ಮೊದಲು ಇಂಗ್ಲಿಷ್ ಅನುವಾದಾನೇ ಅಚ್ಚಾಗಿಬಿಡ್ತು. ಶುರುವಾಗಿದ್ದು ಅನಂಗರಂಗ ಅನ್ನೋ ಇನ್ನೊಂದು ಸಂಸ್ಕೃತ ಕಾಮಶಾಸ್ತ್ರ ಪುಸ್ತಕದಿಂದ, ಕಲ್ಯಾಣಮಲ್ಲ ಬರೆದಿದ್ದು. ಅದರ ಇಂಗ್ಲಿಷ್ ಅನುವಾದಾನ 1873ರಲ್ಲಿ ಬ್ರಿಟಿಷ್ ಪರಿಶೋಧಕ ರಿಚರ್ಡ್ ಬರ್ಟನ್, ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿ ಆರ್ಬತ್‌ನಾಟ್ ಇಬ್ರೂ ಸೇರಿ ಪ್ರಿಂಟ್‌ಗೆ ಕೊಟ್ರು, ಆದ್ರೆ ಬ್ರಿಟನ್‌ನಲ್ಲಿ 1857ರ ಅಶ್ಲೀಲ ಪ್ರಕಟಣೆ ಕಾಯ್ದೆ ಇತ್ತಲ್ಲ, ಪ್ರಿಂಟರ್ ಪ್ರೂಫ್ ಓದಿ ಹೆದರ್ಕೊಂಡು ಕೆಲ್ಸ ಅಲ್ಲಿಗೇ ನಿಲ್ಲಿಸ್ಬಿಟ್ಟ.

ಅನಂಗರಂಗದಲ್ಲಿ ಕಾಮಸೂತ್ರ ಬರೆದ ವಾತ್ಸ್ಯಾಯನನ ಹೆಸರು ಬರ್ತಿದ್ದಿದ್ರಿಂದ ಕಾಮಸೂತ್ರದ ಹುಡುಕಾಟ ಶುರುವಾಯ್ತು. ಕಾಶಿ, ಕಲ್ಕತ್ತಾ, ಜೈಪುರದಿಂದ ಕೈಬರಹದ ಪ್ರತಿಗಳನ್ನ ತರಿಸಿ, ಹೋಲಿಸಿ ನೋಡಿ ಪಾಠ ಸರಿಮಾಡಿದ್ದು ವಿದ್ವಾಂಸ ಭಗವಾನ್‌ಲಾಲ್ ಇಂದ್ರಜಿ, ಅನುವಾದದಲ್ಲಿ ಶಿವರಾಂ ಪರಶುರಾಮ್ ಭಿಡೆ ಕೈಯೂ ಇತ್ತು, ಆದ್ರೆ ಹೆಸರು ಮಾತ್ರ ಪೂರ್ತಿ ಬರ್ಟನ್‌ಗೆ ಹೋಯ್ತು, ಇದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ.

1883ರಲ್ಲಿ ಕಾಮಸೂತ್ರದ ಆ ಅನುವಾದ ಹೊರಗೆ ಬಂತು, ಕಾಮಶಾಸ್ತ್ರ ಸೊಸೈಟಿ ಅನ್ನೋ ಹೆಸರಲ್ಲಿ, ಖಾಸಗಿ ವಿತರಣೆಗೆ ಮಾತ್ರ ಅಂತ ಹಾಕ್ಕೊಂಡು. ಸೊಸೈಟಿ ಅಂದ್ರೆ ಹೆಚ್ಚುಕಮ್ಮಿ ಬರ್ಟನ್, ಆರ್ಬತ್‌ನಾಟ್ ಇಬ್ರೇ, ಕಾನೂನಿಂದ ತಪ್ಪಿಸ್ಕೊಳ್ಳೋಕೆ ಮಾಡಿದ ಐಡಿಯಾ ಅಷ್ಟೇ. 1885ರಲ್ಲಿ ಅನಂಗರಂಗಾನೂ ಹೀಗೇ ಬಂತು.

ಕಾಮಸೂತ್ರದ ಸಂಸ್ಕೃತ ಮೂಲ, ಜಯಮಂಗಲಾ ಅನ್ನೋ ಹಳೇ ವ್ಯಾಖ್ಯಾನದ ಜೊತೆ ಅಚ್ಚಾಗಿದ್ದು 1891ರಲ್ಲಿ, ಬಾಂಬೆಯ ನಿರ್ಣಯಸಾಗರ ಪ್ರೆಸ್‌ನಲ್ಲಿ, ಸಂಪಾದಕರು ಪಂಡಿತ ದುರ್ಗಾಪ್ರಸಾದ್. 1897ಕ್ಕೆ ರಿಚರ್ಡ್ ಶ್ಮಿಟ್ ಜರ್ಮನ್‌ಗೂ ತಂದ. ಇಂಗ್ಲೆಂಡಿನ ಅಂಗಡಿಗಳಲ್ಲಿ ಮಾತ್ರ ಇದು ರಾಜಾರೋಷವಾಗಿ ಸಿಗೋಕೆ 1960ರ ದಶಕವೇ ಬರ್ಬೇಕಾಯ್ತು. ಅಂದಹಾಗೆ ಪುಸ್ತಕದಲ್ಲಿರೋ 7 ಅಧಿಕರಣಗಳಲ್ಲಿ (ಅಂದ್ರೆ ಭಾಗಗಳಲ್ಲಿ) ಜನ ಅನ್ಕೊಳ್ಳೋ ಆ ವಿಷಯಕ್ಕೆ ಮೀಸಲಾಗಿರೋದು ಒಂದೇ.