ನಾಯಿ ಇರುವ ಮನೆಗೆ ಯಾವ ಗಿಡ? ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮಲ್ಲಿ ಆರು ತಿಂಗಳ ಲ್ಯಾಬ್ರಡಾರ್ ಮರಿ ಇದೆ. ಹಾಲ್‌ನಲ್ಲಿಡಲು ಪಾಮ್ ತಂದಿದ್ದೇವೆ (ಫೋಟೊ ಕಳಿಸಿದ್ದೇನೆ). ಪಾಮ್ ಯಾವುದಾದರೂ ನಾಯಿಗೆ ತೊಂದರೆಯಿಲ್ಲ ಎಂದರು ನರ್ಸರಿಯವರು. ನಿಜವೇ? – ಓದುಗರು, ಮೈಸೂರು

ಉತ್ತರ: ಮೊದಲು ಆ ಕುಂಡವನ್ನು ಮನೆಯಿಂದ ಆಚೆ ಸಾಗಿಸಿ, ಮಿಕ್ಕಿದ್ದನ್ನು ಆಮೇಲೆ ಓದಿ. ಫೋಟೊದಲ್ಲಿರುವುದು ಸೈಕಾಸ್. ಸೇಗೊ ಪಾಮ್ ಅಂತ ಮಾರುತ್ತಾರೆ, ಆದರೆ ಅದು ಪಾಮ್ ಜಾತಿಗೆ ಸೇರಿದ್ದೇ ಅಲ್ಲ. ಅನಾನಸ್ ಥರ ಒರಟು ಬುಡ, ಕೈಗೆ ಚುಚ್ಚುವ ಗಟ್ಟಿ ಗರಿ ಕಂಡರೆ ಅದೇ ಎಂದುಕೊಳ್ಳಿ.

ಗರಿ, ಬುಡ, ಬೇರು ಎಲ್ಲವೂ ವಿಷ. ಬೀಜವಂತೂ ಒಂದೆರಡು ತಿಂದರೂ ನಾಯಿ ಸಾಯಬಹುದು. ಅದರಲ್ಲಿರುವ ಸೈಕಾಸಿನ್ ಕರುಳಿನಲ್ಲಿ ಒಡೆದು ನೇರವಾಗಿ ಲಿವರ್ ಮೇಲೆ ಬೀಳುತ್ತದೆ. ಮೊದಲ ದಿನ ವಾಂತಿ, ಮಂಕು. 'ಏನೋ ತಿಂದಿರಬೇಕು, ಸರಿಹೋಗುತ್ತೆ' ಎಂದು ಮನೆಯವರು ಸುಮ್ಮನಿರುತ್ತಾರೆ. ಎರಡು ಮೂರು ದಿನಕ್ಕೆ ಒಸಡು, ಕಣ್ಣು ಹಳದಿಯಾದ ಮೇಲೆ ನಮ್ಮ ಬಳಿ ಓಡಿಬರುತ್ತಾರೆ. ಇದಕ್ಕೆ ಪ್ರತಿವಿಷ ಇಲ್ಲ. ತಿಂದ ಗಂಟೆ ಎರಡು ಗಂಟೆಯೊಳಗೆ ಬಂದರೆ ವಾಂತಿ ಮಾಡಿಸಿ, ಇದ್ದಿಲಿನ ಔಷಧಿ ಕೊಟ್ಟು ಏನಾದರೂ ಮಾಡಬಹುದು.

ಪಾಮ್ ಬೇಕೇಬೇಕೆಂದರೆ ಅರೇಕಾ ಇಡಿ. ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಕ್ಯಾಲಥಿಯಾ, ಪೆಪರೋಮಿಯಾ ಕೂಡ ಆಗಬಹುದು. ವಿಷವಲ್ಲ ಎಂದಷ್ಟೇ ಇದರರ್ಥ. ಬಾಯ್ತುಂಬ ಸೊಪ್ಪು ತಿಂದರೆ ಯಾವ ನಾಯಿಯೂ ವಾಂತಿ ಮಾಡುತ್ತದೆ, ಅದಕ್ಕೆ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬೇಡ.

ಇನ್ನು ಯಾರೂ ಕೇಳದ ವಿಷಯ. ಗಿಡಕ್ಕಿಂತ ಕುಂಡದ ಗೊಬ್ಬರವೇ ನನಗೆ ಹೆಚ್ಚು ಭಯ. ಹರಳು ಹಿಂಡಿ (ಉತ್ತರ ಕರ್ನಾಟಕದವರಿಗೆ ಔಡಲ ಹಿಂಡಿ) 'ಸಾವಯವ' ಅಂತ ಹಾಕುತ್ತೀರಿ. ಅದರಲ್ಲಿ ರಿಸಿನ್ ಎಂಬ ಘೋರ ವಿಷ ಉಳಿದಿರಬಹುದು. ಜೊತೆಗೆ ಮೂಳೆಪುಡಿ ಬೆರೆಸಿದರೆ ಮುಗಿಯಿತು, ನಾಯಿ ವಾಸನೆ ಹಿಡಿದು ಮಣ್ಣು ಕೆದಕಿ ತಿನ್ನುತ್ತದೆ. ನಾಯಿ ಇರುವ ಮನೆಯೊಳಗೆ ಆ ಚೀಲವೇ ಬೇಡ. ಎರೆಗೊಬ್ಬರ ಸಾಕು.

ಪ್ರಶ್ನೆ: ಮನಿ ಪ್ಲಾಂಟ್ ತಿಂದರೆ ನಾಯಿ ಸಾಯುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ, ಬಾಯಿ ಉರಿದು ಜೊಲ್ಲು ಸುರಿಸುತ್ತದೆ, ಮೇಲಕ್ಕೆ ತೂಗುಹಾಕಿ.

ಪ್ರಶ್ನೆ: ವಿಷದ ಗಿಡವನ್ನು ನಾಯಿ ತಾನೇ ಗುರುತಿಸಿ ಬಿಡುತ್ತದಂತೆ?

ಉತ್ತರ: ಚಪ್ಪಲಿ, ಸಾಕ್ಸ್ ನುಂಗುವ ಪ್ರಾಣಿಗೆ ಅಷ್ಟು ವಿವೇಕ ಎಲ್ಲಿಂದ ಬರಬೇಕು?

ಪ್ರಶ್ನೆ: ಕಾಂಪೌಂಡಿನ ಕಣಗಿಲೆ, ಬಾಲ್ಕನಿಯ ಅಡೀನಿಯಂ ಪರವಾಗಿಲ್ಲವೇ?

ಉತ್ತರ: ಎರಡೂ ಹೃದಯಕ್ಕೆ ವಿಷ. ತೆಗೆಸಿ. ದೇವರಿಗೆ ಹೂ ಬೇಕಿದ್ದರೆ ದಾಸವಾಳ ಇದೆಯಲ್ಲ.

ಪ್ರಶ್ನೆ: ಗಿಡ ತಿಂದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ವಾಟ್ಸ್ಯಾಪ್‌ನಲ್ಲಿ ಬಂದಿದೆ. ಮಾಡಬಹುದೇ?

ಉತ್ತರ: ಬೇಡವೇ ಬೇಡ. ರಕ್ತದಲ್ಲಿ ಉಪ್ಪೇರಿ ಫಿಟ್ಸ್ ಬಂದು ಅದರಿಂದಲೇ ನಾಯಿ ಸಾಯಬಹುದು. ಹಾಲು, ತುಪ್ಪ, ಅರಿಶಿನವೂ ಬೇಡ. ಅದನ್ನು ಫಾರ್ವರ್ಡ್ ಮಾಡಿದವರು ನಾಯಿ ಸಾಕಿದ್ದಾರೋ ಇಲ್ಲವೋ ನನಗೆ ಅನುಮಾನ. ಬಾಯಲ್ಲಿ ಉಳಿದ ಚೂರು ತೆಗೆಯಿರಿ, ಕಚ್ಚಿದ ಗಿಡದ ಒಂದು ರೆಂಬೆ ಕವರಿಗೆ ಹಾಕಿಕೊಳ್ಳಿ, ಎಷ್ಟು ಹೊತ್ತಿಗೆ ತಿಂದಿತು ಎಂದು ಬರೆದುಕೊಂಡು ಹತ್ತಿರದ ಪಶುವೈದ್ಯರ ಬಳಿ ಹೊರಡಿ.